ಗಡ್ಡೆ ತೆಗೆಸಿಬಿಡಬಾರದೇ?

"ಆ ಗಡ್ಡೆಯನ್ನು ಒಮ್ಮೆ ತೆಗೆಸಿಬಿಡಬಾರದೇ, ಮಗು ತಾನಾಗಿಯೇ ಆಗುತ್ತದಲ್ಲ?" ಎಂದು ಕೇಳುವವರಿಗೆ ನಿಂತಲ್ಲೇ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಇನ್ನು ಮುಂದೆ ದಯವಿಟ್ಟು ಇದನ್ನು ಓದಿಕೊಳ್ಳಿ.

ನನಗಿರುವುದು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ ಇದು. ಅದು ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿಕೊಂಡ ಚೀಲವಾದಾಗ ವೈದ್ಯರು ಚಾಕೊಲೇಟ್ ಸಿಸ್ಟ್ ಎನ್ನುತ್ತಾರೆ, ನೀವು ಗಡ್ಡೆ ಎನ್ನುತ್ತೀರಿ.

ನನ್ನನ್ನು ಕೆರಳಿಸುವುದು ಆ "ಬಿಡಬಾರದೇ" ಎಂಬ ಮಾತು. ಒಂದು ಗೃಹಪ್ರವೇಶದಲ್ಲಿ ಅರಿಶಿನ ಕುಂಕುಮದ ಬಟ್ಟಲನ್ನು ಕೈಯಲ್ಲಿ ಹಿಡಿದೇ ಸಂಬಂಧಿಕರೊಬ್ಬರು, "ಹಲ್ಲು ಕೀಳಿಸಿಕೊಂಡಷ್ಟೇ ತಾನೇ?" ಎಂದರು. ಅಲ್ಲ. ಚೀಲದ ಗೋಡೆಯನ್ನು ಸುಲಿದು ತೆಗೆಯುವಾಗ ಅದಕ್ಕೆ ಅಂಟಿಕೊಂಡಿರುವ ಆರೋಗ್ಯವಂತ ಭಾಗವೂ, ಅದರೊಳಗಿನ ಅಂಡಾಣುಗಳೂ ಜೊತೆಯಲ್ಲೇ ಹೋಗಬಹುದು, ಮತ್ತು ಹೋದವು ಮರಳಿ ಹುಟ್ಟುವುದಿಲ್ಲ. ಇಪ್ಪತ್ತೇಳರಲ್ಲಿ ಎಡಭಾಗದ ಸಿಸ್ಟ್ ತೆಗೆಸಿಕೊಂಡ ನನಗೆ ಈಗ ಮೂವತ್ತನಾಲ್ಕು; ಅಂಡಾಣುಗಳು ಎಷ್ಟು ಉಳಿದಿವೆಯೆಂದು ಅಂದಾಜಿಸುವ ರಕ್ತಪರೀಕ್ಷೆಯಾದ ಎಎಂಎಚ್ 0.7 ಬಂದಿದೆ, ಅಂದರೆ ಕಡಿಮೆ. ದೇಹದ ಹೊರಗೆ ಭ್ರೂಣ ರೂಪಿಸುವ ಐವಿಎಫ್ ಚಿಕಿತ್ಸೆಗೆ ಮೊದಲು, ಮಗುವಾಗುವ ಸಾಧ್ಯತೆ ಹೆಚ್ಚಲೆಂಬ ಒಂದೇ ಕಾರಣಕ್ಕೆ ಇಂತಹ ಶಸ್ತ್ರಚಿಕಿತ್ಸೆ ಮಾಡಬೇಕಿಲ್ಲವೆಂದು ಯುರೋಪಿನ ತಜ್ಞರ ಸಂಸ್ಥೆಯಾದ ಎಶ್ರೆ 2022ರ ಮಾರ್ಗಸೂಚಿಯಲ್ಲಿ ಹೇಳಿದೆ. ನೋವು ತಡೆಯಲಾಗದಿದ್ದರೆ, ಅಥವಾ ಐವಿಎಫ್‌ಗಾಗಿ ಅಂಡಾಣು ತೆಗೆಯುವ ಸೂಜಿ ಅವುಗಳನ್ನು ತಲುಪಲು ಸಿಸ್ಟ್ ಅಡ್ಡವಾಗಿದ್ದರೆ, ಆ ಲೆಕ್ಕ ಬೇರೆ.

ಎಎಂಎಚ್ ಕಡಿಮೆಯೆಂದರೆ ಬಾಗಿಲು ಮುಚ್ಚಿತೆಂದಲ್ಲ. ಅದು ಉಳಿದಿರುವ ಅಂಡಾಣುಗಳ ಸಂಖ್ಯೆಯ ಅಂದಾಜನ್ನು ಕೊಡುತ್ತದೆ, ಗುಣವನ್ನು ಹೇಳುವುದು ಹೆಚ್ಚಾಗಿ ವಯಸ್ಸು. ಇಲ್ಲದ ಅಂಡಾಣುಗಳನ್ನು ಯಾವ ಪ್ರಮಾಣದ ಇಂಜೆಕ್ಷನ್ನೂ ಹುಟ್ಟಿಸಲಾರದು. ಆದ್ದರಿಂದ ಎರಡು ಮೂರು ಸುತ್ತುಗಳಲ್ಲಿ ಸಿಕ್ಕಷ್ಟನ್ನು ಭ್ರೂಣವಾಗಿಸಿ ಶೈತ್ಯೀಕರಿಸಿ, ಅನಂತರ ಗರ್ಭಕೋಶಕ್ಕೆ ಸೇರಿಸುವ ದಾರಿಯನ್ನು ನಾವು ಆರಿಸಿಕೊಂಡಿದ್ದೇವೆ. ಅದು ಫಲಿಸದಿದ್ದರೆ ದಾನಿಯ ಅಂಡಾಣು ಇದೆ. ಐವಿಎಫ್‌ನಂತಹ ಚಿಕಿತ್ಸೆಗಳನ್ನು ನಿಯಂತ್ರಿಸುವ ನಮ್ಮ ದೇಶದ 2021ರ ಕಾಯಿದೆಯ ಪ್ರಕಾರ ದಾನಿಗೆ 23ರಿಂದ 35 ವಯಸ್ಸಾಗಿರಬೇಕು, ಆಕೆ ಜೀವನದಲ್ಲಿ ಒಮ್ಮೆ ಮಾತ್ರ ದಾನ ಮಾಡಬಹುದು. ಆ ಮಗುವೂ ನನ್ನದೇ ಆಗಿರುತ್ತದೆ, ಈ ಬಗ್ಗೆ ನಾನು ಯಾರೊಡನೆಯೂ ಚರ್ಚಿಸುವುದಿಲ್ಲ.

ನನ್ನನ್ನು ನಿಜವಾಗಿ ಕೇಳಬೇಕಾಗಿದ್ದ ಪ್ರಶ್ನೆಯನ್ನು ಏಳು ವರ್ಷಗಳ ಹಿಂದೆ, ಆ ಶಸ್ತ್ರಚಿಕಿತ್ಸೆಗೆ ಮೊದಲು, ಯಾರಾದರೂ ಕೇಳಬೇಕಿತ್ತು: "ನಿಮಗೆ ಮಕ್ಕಳು ಬೇಕೆಂಬ ಆಸೆಯಿದೆಯೇ?" ವೈದ್ಯರು ಕೇಳಲಿಲ್ಲ. ಮದುವೆಯಾಗದ ಹುಡುಗಿಯ ಮುಂದೆ ಅದನ್ನು ಎತ್ತಬಾರದೆಂದು ಅಮ್ಮನೂ ಸುಮ್ಮನಿದ್ದರು. ನೋವು ಅಷ್ಟಿತ್ತು, ಆಗಲೂ ನಾನು ಒಪ್ಪಿಕೊಳ್ಳುತ್ತಿದ್ದೆನೇನೋ, ಆದರೆ ಅದಕ್ಕೆ ಮೊದಲು ಎಎಂಎಚ್ ನೋಡಿಸಿ, ಒಂದಿಷ್ಟು ಅಂಡಾಣುಗಳನ್ನು ಶೈತ್ಯೀಕರಿಸಿ ಇಡುವ ಬಗ್ಗೆ ಯೋಚಿಸುತ್ತಿದ್ದೆ.

ಕಳೆದ ವಾರ ಚಿಕ್ಕಪ್ಪನ ಮಗಳ ಸ್ಕ್ಯಾನಿನಲ್ಲಿಯೂ ಚಾಕೊಲೇಟ್ ಸಿಸ್ಟ್ ಕಂಡಿತು. ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡುವ ಮೊದಲು ಅವಳ ಪಕ್ಕದಲ್ಲಿ ಕುಳಿತು ಆ ಪ್ರಶ್ನೆಯನ್ನು ನಾನೇ ಕೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ "ಬೇಕು" ಎಂದಳು. ಅವಳ ಎಎಂಎಚ್ ವರದಿ ಗುರುವಾರ ಬರುತ್ತದೆ.