ತಲೆ ತೇಲುವ ದಿನವೂ ಅಡಿಕೆ ನೋಡಬೇಕು

ಅಡಿಕೆ ಖರೀದಿ ಕೇಂದ್ರವೊಂದರಲ್ಲಿ ನನ್ನದು ಅಡಿಕೆ ನೋಡುವ ಕೆಲಸ. ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯ ಕೃಷಿಕರು ಜೀಪಿನಲ್ಲಿ, ಪಿಕಪ್ಪಿನಲ್ಲಿ ಗೋಣಿ ತರುತ್ತಾರೆ. ಗೋಣಿಯ ಬಾಯಿ ಬಿಚ್ಚಿ ಸುರಿದರೆ ಸುಲಿದ ಚಾಲಿಯ, ಅಂದರೆ ಬಿಸಿಲಲ್ಲಿ ಒಣಗಿಸಿದ ಅಡಿಕೆಯ, ರಾಶಿ. ಅದರಲ್ಲಿ ಹೊಸತು, ಹಳತು, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ಗ್ರೇಡ್‌ಗಳಾಗಿ ಬೇರೆ ಮಾಡಿ ದರ ಹೇಳಬೇಕು. ಒಂದು ಗ್ರೇಡ್ ಆಚೀಚೆಯಾದರೆ ಕೃಷಿಕರಿಗೆ ನಷ್ಟ, ಇಲ್ಲವೇ ಕೊಂಡವರಿಗೆ ನಷ್ಟ. ಕಣ್ಣೂ ತಲೆಯೂ ಸರಿ ಇರಬೇಕಾದ ಕೆಲಸ. ನನ್ನ ತಲೆ ಕೆಲವು ಕಾಲದಿಂದ ಸರಿ ಇಲ್ಲ. ಆದರೂ ಕೆಲಸ ನಡೆಯುತ್ತಿದೆ. ಅದು ಹೇಗೆ ಅಂತ ಬರೆಯೋಣ ಅನಿಸಿತು, ಯಾಕೆಂದರೆ ಇಂಥ ತೊಂದರೆ ಇರುವವರು ಕೆಲಸದ ಜಾಗದಲ್ಲಿ ಬಾಯಿ ಬಿಡುವುದೇ ಇಲ್ಲ.

ಶುರುವಾದದ್ದು ದವಡೆಯಿಂದ. ಬಲಗಿವಿಯ ಮುಂದೆ, ಬಾಯಿ ತೆರೆದಾಗಲೆಲ್ಲ ಟಕ್ ಎಂಬ ಸದ್ದು. ಬೆಳಿಗ್ಗೆ ಏಳುವಾಗ ಕೆನ್ನೆ ನೋವು. ಆಮೇಲೆ ತಲೆ. ಗಿರ್ರನೆ ಸುತ್ತುವುದಲ್ಲ, ದೋಣಿಯಿಂದ ಇಳಿದ ಮೇಲೂ ನೆಲ ಹೊಯ್ದಾಡುತ್ತದಲ್ಲ, ಹಾಗೆ. ಅದರ ಜೊತೆಗೇ ಇನ್ನೊಂದು. ರಾಶಿ ಕಣ್ಣೆದುರು ಇರುತ್ತದೆ, ಆದರೆ ಎಲ್ಲೋ ದೂರದಲ್ಲಿದ್ದ ಹಾಗೆ ಅನಿಸುತ್ತದೆ. ಅಡಿಕೆ ಹಿಡಿದ ಕೈ ನನ್ನದೇ ಅಂತ ಗೊತ್ತು, ಆದರೆ ನನ್ನದು ಅನಿಸುವುದಿಲ್ಲ. ದರ ಹೇಳುವ ಸ್ವರ ಯಾರದೋ ಅನಿಸುತ್ತದೆ.

ತಲೆಯ ವಿಷಯ ಹೇಳಿದರೆ ನಮ್ಮಲ್ಲಿ ಎಲ್ಲರ ಹತ್ತಿರವೂ ಮದ್ದು ಇರುತ್ತದೆ. ಪಿತ್ತ ಅಂದರು, ಪುನರ್ಪುಳಿ ಶರಬತ್ತು ಕುಡಿ ಅಂದರು. ಕಣ್ಣು ತಾಗಿದೆ ಅಂದರು. ಶರಬತ್ತು ಕುಡಿದೆ, ರುಚಿಯಾಗಿತ್ತು. ಬಿಪಿ, ಶುಗರ್, ರಕ್ತ, ಥೈರಾಯ್ಡ್ ಎಲ್ಲ ಸರಿ. ಮಂಗಳೂರಿನಲ್ಲಿ ಕಿವಿ ಡಾಕ್ಟರು ತಲೆಯನ್ನು ಒಂದು ಬದಿಗೆ ತಿರುಗಿಸಿ, ತಟ್ಟನೆ ಹಿಂದಕ್ಕೆ ಮಲಗಿಸಿ ಕಣ್ಣು ನೋಡಿದರು. ಒಳಗಿವಿಯ ಸಣ್ಣ ಹರಳುಗಳು ಜಾಗ ತಪ್ಪಿದ್ದರೆ ಆಗ ಕಣ್ಣುಗುಡ್ಡೆ ಕುಣಿಯುತ್ತದಂತೆ. ಕುಣಿಯಲಿಲ್ಲ. ಸ್ಕ್ಯಾನ್ ಕೂಡ ಸರಿ ಇತ್ತು.

ದಂತವೈದ್ಯರು ಕೇಳಿದ ಮೊದಲ ಪ್ರಶ್ನೆ ನನ್ನನ್ನು ಸ್ವಲ್ಪ ಇರುಸುಮುರುಸು ಮಾಡಿತು: "ಎಲೆ ಅಡಿಕೆ ಎಷ್ಟು ತಿನ್ನುತ್ತೀರಿ?" ಬಾಯಿ ಸರಿಯಾಗಿ ತೆರೆಯುವುದಿಲ್ಲ ಅಂತ ನಮ್ಮ ಕಡೆಯವರು ಬಂದರೆ ಮೊದಲು ನೋಡಬೇಕಾದದ್ದು ಕೆನ್ನೆಯ ಒಳಭಾಗವಂತೆ. ಅಡಿಕೆ ಜಗಿಯುವವರಲ್ಲಿ ಅಲ್ಲಿ ಚರ್ಮ ಬೆಳ್ಳಗಾಗಿ, ಗಟ್ಟಿಯಾಗಿ, ಬಾಯಿ ನಿಧಾನವಾಗಿ ಬಿಗಿಯುತ್ತಾ ಬರುತ್ತದೆ. ಅದರ ಹೆಸರು ಸಬ್‌ಮ್ಯೂಕಸ್ ಫೈಬ್ರೋಸಿಸ್. ಅದು ಕ್ಯಾನ್ಸರಿಗೂ ದಾರಿ ಮಾಡಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತನ್ನ 2004ರ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆಯಿಂದಲೇ ಅನ್ನ ತಿನ್ನುವವರಿಗೆ ಇದನ್ನು ಬರೆಯುವುದು ಸುಲಭವಲ್ಲ. ಆದರೆ ದವಡೆ ಬಿಗಿದಿದೆ ಅಂತ ಸುಮ್ನೆ ಎಣ್ಣೆ ತಿಕ್ಕುತ್ತಾ ಕೂರುವವರಿಗೆ ಇದು ಗೊತ್ತಿರಲಿ.

ನನ್ನ ಕೆನ್ನೆಯಲ್ಲಿ ಅದು ಇರಲಿಲ್ಲ. ಮೂರು ಬೆರಳು ನಿಲ್ಲಿಸಿ ಹಲ್ಲುಗಳ ಮಧ್ಯೆ ತೂರಿಸಲು ಹೇಳಿದರು. ಸುಮಾರು 40 ಮಿಲಿಮೀಟರ್ ಬಾಯಿ ತೆರೆದರೆ ಸಾಕು. ನನಗೆ ಎರಡೂವರೆ ಬೆರಳು. ದವಡೆ ಕೀಲಿನೊಳಗಿನ ಮೆತ್ತೆ ಸ್ವಲ್ಪ ಜಾರಿದೆ, ಹಲ್ಲು ಕಚ್ಚುವ ಅಭ್ಯಾಸದಿಂದ ಸ್ನಾಯು ಸೋತಿದೆ ಎಂದರು. ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳಲು ಸ್ಪ್ಲಿಂಟ್ ಎಂಬ ಒಂದು ಕವಚ, ಬಿಸಿ ಬಟ್ಟೆಯ ಕಾವು, ಮೆತ್ತಗಿನ ಊಟ. ಕುಚ್ಚಲಕ್ಕಿ ಗಂಜಿ ಇರುವ ಊರಲ್ಲಿ ಅದೇನೂ ಕಷ್ಟವಲ್ಲ. ಹಲಸಿನ ಹಪ್ಪಳ, ಚಕ್ಕುಲಿ ಬಿಡುವುದು ಮಾತ್ರ ಕಷ್ಟ.

ತಲೆ ತೇಲುವುದು ಇದರಿಂದಲೇನಾ ಅಂತ ಕೇಳಿದೆ. ಅವರು ಹೌದು ಅನ್ನಲಿಲ್ಲ. ಕೋಸ್ಟನ್ ಎಂಬ ಅಮೆರಿಕದ ಕಿವಿ ಡಾಕ್ಟರು 1934ರಲ್ಲೇ ದವಡೆ ಕೀಲಿಗೂ ತಲೆಸುತ್ತಿಗೂ ಸಂಬಂಧ ಕಟ್ಟಿದ್ದರು. ದವಡೆ ತೊಂದರೆ ಇರುವವರಲ್ಲಿ ತಲೆಸುತ್ತು ಹೆಚ್ಚು ಕಾಣುತ್ತದೆ ಎಂಬುದು ನಿಜ, ಆದರೆ ಒಂದರಿಂದ ಇನ್ನೊಂದು ಬಂತು ಎಂಬುದು ಇನ್ನೂ ಗಟ್ಟಿಯಾಗಿಲ್ಲ. ಹಲ್ಲನ್ನು ತೇದು, ಕಚ್ಚುವ ರೀತಿಯನ್ನೇ ಬದಲಿಸಿದರೆ ಎಲ್ಲ ಮಾಯ ಅನ್ನುವ ವಿಡಿಯೋಗಳು ಬೇಕಾದಷ್ಟಿವೆ. ಹಿಂದಕ್ಕೆ ತರಲಾಗದ ಚಿಕಿತ್ಸೆಗೆ ಕೈ ಹಾಕಬೇಡಿ ಅಂದರು ನಮ್ಮ ಡಾಕ್ಟರು. ಆ ಮಾತು ನನಗೆ ಹಿಡಿಸಿತು.

ಕಿವಿ ಡಾಕ್ಟರು ಪಿಪಿಪಿಡಿ ಎಂಬ, ಬಹುಕಾಲ ಉಳಿಯುವ ಒಂದು ಬಗೆಯ ತಲೆಸುತ್ತಿನ ಹೆಸರು ಹೇಳಿ, ಅದೂ ಇರಬಹುದು ಎಂದಷ್ಟೇ ಬಿಟ್ಟರು. ಅದರ ಲಕ್ಷಣಗಳನ್ನು ತಲೆಸುತ್ತಿನ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಬಾರಾನಿ ಸೊಸೈಟಿ 2017ರಲ್ಲಿ ಪಟ್ಟಿ ಮಾಡಿದೆ. ಮೂರು ತಿಂಗಳೋ ಜಾಸ್ತಿಯೋ, ಹೆಚ್ಚಿನ ದಿನ ತೇಲುವ ಹಾಗಾಗುವುದು. ನಿಂತಾಗ, ಚಲಿಸುವಾಗ, ಕಣ್ಣೆದುರು ಏನಾದರೂ ಗಿಜಿಗುಟ್ಟಿದಾಗ ಹೆಚ್ಚಾಗುವುದು. ಗಿಜಿಗುಟ್ಟುವುದು ಅಂದರೆ ಸುರಿದ ಅಡಿಕೆ ರಾಶಿಗಿಂತ ಬೇರೆ ಬೇಕಾ? ಬೈಕಿನಲ್ಲಿ ಹೋಗುವಾಗ ರಸ್ತೆ ಬದಿಯ ತೋಟದ ಮರಗಳ ಬಿಸಿಲು-ನೆರಳು ಕಣ್ಣಿಗೆ ಹೊಡೆದರೂ ಅದೇ ಗತಿ. ಈಗ ಬಸ್ಸಿನಲ್ಲಿ, ಕಿಟಕಿಯಿಂದ ದೂರ ಕೂತು ಹೋಗುತ್ತೇನೆ.

ನನ್ನ ದೊಡ್ಡ ಹೆದರಿಕೆ ಬೇರೆಯೇ ಇತ್ತು. ಕೈ ನನ್ನದು ಅನಿಸದಿದ್ದರೆ ಆ ಕೈ ಮಾಡಿದ ಗ್ರೇಡ್ ಸರಿ ಇರುತ್ತದಾ? ಹುಚ್ಚು ಹಿಡಿಯುತ್ತಿದೆಯಾ? ಮನೋವೈದ್ಯರು ಸಾವಧಾನವಾಗಿ ಕೇಳಿ, ಸುತ್ತಲಿನದು ದೂರವಾದ ಹಾಗೆ ಅನಿಸುವುದನ್ನು ಡಿರಿಯಲೈಸೇಶನ್, ತನ್ನ ಮೈಯೇ ತನ್ನದಲ್ಲ ಅನಿಸುವುದನ್ನು ಡಿಪರ್ಸನಲೈಸೇಶನ್ ಅನ್ನುತ್ತಾರೆ ಎಂದರು. ಆತಂಕದಲ್ಲಿ, ನಿದ್ದೆ ಕೆಟ್ಟಾಗ, ಒಳಗಿವಿಯ ತೊಂದರೆಯಲ್ಲೂ ಬರಬಹುದು. "ಹಾಗೆ ಅನಿಸುತ್ತದೆ ಅಷ್ಟೇ, ಹಾಗಿಲ್ಲ ಅಂತ ನಿಮಗೇ ಗೊತ್ತಿದೆ ಅಲ್ವಾ? ಅದು ಗೊತ್ತಿರುವವರೆಗೆ ಇದು ಹುಚ್ಚಲ್ಲ."

ಮಾತು ಸರಿ, ಆದರೆ ದರ ಹೇಳುವವರಿಗೆ ಪುರಾವೆ ಬೇಕು. ಜೊತೆಯವರಿಗೆ ವಿಷಯ ಹೇಳಿದೆ. ತಲೆ ತೇಲಿದ ದಿನ ನಾನು ನೋಡಿದ ರಾಶಿಯಿಂದ ಅವರೊಂದು ಹಿಡಿ ತೆಗೆದು, ನನ್ನ ಗ್ರೇಡ್ ನೋಡದೆ ತಾವೇ ನೋಡುತ್ತಿದ್ದರು. ಅಡಕೊತ್ತಿನಲ್ಲಿ ಕತ್ತರಿಸಿ ಒಳಗಿನ ಬಿಳಿ ಗೆರೆ, ಬಿರುಕು, ಹುಳ ಎಲ್ಲ ತಾಳೆ ನೋಡಿದೆವು. ಒಳ್ಳೆಯ ದಿನಕ್ಕೂ ಕೆಟ್ಟ ದಿನಕ್ಕೂ ವ್ಯತ್ಯಾಸ ಕಾಣಲಿಲ್ಲ. ನಿಧಾನ ಆಗಿದ್ದೆ, ಅಷ್ಟೇ. ಯಾವ ಮಾತ್ರೆಯೂ ಕೊಡದ ಧೈರ್ಯ ಆ ಹೋಳುಗಳು ಕೊಟ್ಟವು.

ಆಮೇಲೆ ಮಾಡಿದ ಬದಲಾವಣೆಗಳು ಸಣ್ಣವು. ನೆಲದ ರಾಶಿಗೆ ಬಗ್ಗುವುದನ್ನು ಬಿಟ್ಟು ಎದೆ ಎತ್ತರದ ಮೇಜು ಹಾಕಿಸಿದೆ. ಟ್ಯೂಬ್‌ಲೈಟಿನ ಕೆಳಗಿಂದ ಕಿಟಕಿ ಹತ್ತಿರಕ್ಕೆ ಬಂದೆ. ಎಲ್ಲವನ್ನೂ ಒಮ್ಮೆಗೇ ಸುರಿಯದೆ ಮೊರದಷ್ಟು ಮೊರದಷ್ಟೇ ಸುರಿಯುತ್ತೇವೆ. ಗೋಣಿ ಅಟ್ಟಿ ಹತ್ತುವುದು, ಏಣಿ ಹತ್ತುವುದು ನನ್ನ ಕೆಲಸದಿಂದ ಹೋಯಿತು. ಅಡಿಕೆ ನೋಡುವಾಗ ಹಲ್ಲು ಕಚ್ಚಿಕೊಂಡೇ ಇರುತ್ತೇನೆ ಎಂದು ಜೊತೆಯವರೇ ಕಂಡುಹಿಡಿದದ್ದು. ಈಗ ತುಟಿ ಮುಚ್ಚಿ, ಹಲ್ಲು ಬಿಟ್ಟು, ನಾಲಿಗೆ ಮೇಲಕ್ಕೆ. ಮರೆತರೆ ಅವರು ಮೇಜು ತಟ್ಟುತ್ತಾರೆ. ಎಲ್ಲ ದೂರ ಹೋದ ಹಾಗೆ ಅನಿಸಿದಾಗ ಅಡಕೊತ್ತು ಕೈಗೆ ತೆಗೆದುಕೊಂಡು ಒಂದು ಅಡಿಕೆ ಕತ್ತರಿಸುತ್ತೇನೆ. ಕಬ್ಬಿಣದ ತಂಪು, ಆ ಚಟ್ ಸದ್ದು, ಒಗರು ವಾಸನೆ. ಅಷ್ಟರಲ್ಲಿ ಸ್ವಲ್ಪ ಹತ್ತಿರ ಬಂದಿರುತ್ತೇನೆ.

ಒಂದು ಎಚ್ಚರ. ತಟ್ಟನೆ ತಲೆಸುತ್ತು ಬಂದು ಜೊತೆಗೆ ಮಾತು ತೊದಲಿದರೆ, ಮುಖ ಓರೆಯಾದರೆ, ಒಂದು ಕೈ ಸೋತರೆ, ಎರಡೆರಡು ಕಂಡರೆ ಕಾಯಬಾರದು, ಆಸ್ಪತ್ರೆಗೆ ಓಡಬೇಕು. ನನ್ನದು ಆ ಬಗೆಯದ್ದಲ್ಲ ಎಂದು ನೋಡಿಸಿದ ಮೇಲಷ್ಟೇ ಹೀಗೆ ಹೊಂದಿಸಿಕೊಂಡದ್ದು.

ದವಡೆ ನೋವು ಬಹಳ ಕಡಿಮೆಯಾಗಿದೆ, ಮೂರನೇ ಬೆರಳೂ ಹೆಚ್ಚುಕಡಿಮೆ ತೂರುತ್ತದೆ. ತೇಲುವುದು ಅದೇ ಲೆಕ್ಕದಲ್ಲಿ ಇಳಿದಿಲ್ಲ, ಮಳೆಗಾಲದ ಮಬ್ಬು ಬೆಳಕಿನಲ್ಲಿ ಜಾಸ್ತಿಯೇ. ಅಂಥ ದಿನ ನಾನು ರಿಜಿಸ್ಟರ್ ಬರೆಯುತ್ತೇನೆ, ಜೊತೆಯವರು ರಾಶಿ ನೋಡುತ್ತಾರೆ. ಎದೆ ಎತ್ತರದ ಮೇಜು ಅವರ ಸೊಂಟಕ್ಕೂ ಒಳ್ಳೆಯದಾಯಿತಂತೆ, ಇನ್ನೊಂದು ಬೇಕು ಅಂತ ಅರ್ಜಿ ಕೊಟ್ಟಿದ್ದಾರೆ.