ಕ್ಲಾಂಪರ್ ಕಲಿಸಿದ ಸರ್

ನಮ್ಮ ಅನಲಾಗ್ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಕ್ಲಿಪ್ಪರ್ ಸರ್ಕ್ಯೂಟ್ ಯಾರಿಗೂ ಕಷ್ಟವಾಗಲಿಲ್ಲ. ಅಲೆಯ ತಲೆ ಕತ್ತರಿಸುತ್ತದೆ, ಮುಗಿಯಿತು. ಕ್ಲಾಂಪರ್ ಹಾಗಲ್ಲ. ಏನನ್ನೂ ಕತ್ತರಿಸದೆ ಇಡೀ ಅಲೆಯನ್ನೇ ಎತ್ತಿ ಬೇರೆ ಕಡೆ ಇಡುತ್ತದೆ. ಸಾಮಾನು ನೋಡಿದರೆ ಮೂರೇ: ಚಾರ್ಜ್ ತುಂಬಿಟ್ಟುಕೊಳ್ಳುವ ಕೆಪಾಸಿಟರ್, ಕರೆಂಟನ್ನು ಒಂದೇ ಕಡೆಗೆ ಬಿಡುವ ಡಯೋಡ್, ಕರೆಂಟಿಗೆ ತಡೆ ಒಡ್ಡುವ ರೆಸಿಸ್ಟರ್.

ಚಿತ್ರ ಬಾಯಿಪಾಠ ಮಾಡಿ ಬಂದವರನ್ನು ಸರ್ ಸುಮ್ನೆ ಬಿಡುತ್ತಿರಲಿಲ್ಲ. "ಡಯೋಡಿನ ಕತೆ ಆಮೇಲೆ ಮಾರಾಯ್ರೆ, ಕೆಪಾಸಿಟರ್ ಯಾವಾಗ ತುಂಬುತ್ತದೆ, ಅದು ಹೇಳಿ."

10 ವೋಲ್ಟ್ ಪೀಕಿನ ಸೈನ್ ಅಲೆ ಕೊಟ್ಟೆವು ಅನ್ನಿ. ನೆಗೆಟಿವ್ ಅರ್ಧದಲ್ಲಿ ಡಯೋಡ್ ಆನ್. ಕೆಪಾಸಿಟರ್ ಸರ್ರನೆ 9.3 ವೋಲ್ಟಿಗೆ ತುಂಬುತ್ತದೆ. ಉಳಿದ 0.7 ಸಿಲಿಕಾನ್ ಡಯೋಡಿನ ಪಾಲು. ಅಲೆ ಮೇಲಕ್ಕೆ ತಿರುಗಿದ ಕೂಡಲೇ ಡಯೋಡ್ ಆಫ್. ಇನ್ನು ಚಾರ್ಜ್ ಹೊರಗೆ ಹೋಗಲು ರೆಸಿಸ್ಟರ್ ಒಂದೇ ದಾರಿ. 1 ಮೈಕ್ರೊಫ್ಯಾರಡ್, 100 ಕಿಲೋಓಮ್ ಹಾಕಿದರೆ ಅವೆರಡರ ಗುಣಲಬ್ಧ, ಅಂದರೆ ಖಾಲಿಯಾಗುವ ಸಮಯದ ಅಳತೆ, ಆರ್‌ಸಿ 100 ಮಿಲಿಸೆಕೆಂಡ್. 1 ಕಿಲೋಹರ್ಟ್ಸ್ ಅಲೆಯ ಒಂದು ಸುತ್ತು ಬರೀ 1 ಮಿಲಿಸೆಕೆಂಡ್. ಖಾಲಿಯಾಗಲು ಪುರುಸೊತ್ತೆಲ್ಲಿ? ಹಾಗಾಗಿ ಆ 9.3 ವೋಲ್ಟ್ ಪ್ರತಿ ಸುತ್ತಿನಲ್ಲೂ ಅಲೆಗೆ ಕೂಡಿಕೊಳ್ಳುತ್ತದೆ. ಮೈನಸ್ 10ರಿಂದ ಪ್ಲಸ್ 10ರವರೆಗೆ ಇದ್ದದ್ದು ಮೈನಸ್ 0.7ರಿಂದ 19.3ಕ್ಕೆ ಹೋಗುತ್ತದೆ. ಪಣಂಬೂರಿನ ಕಡಲಲ್ಲಿ ಉಬ್ಬರ ಬಂದ ಹಾಗೆ: ಅಲೆ ಅಷ್ಟೇ, ನೀರು ಮೇಲೆ. ಡಯೋಡ್ ತಿರುಗಿಸಿದರೆ ಅಷ್ಟೇ ಕೆಳಗೆ.

ವೈವಾ ದಿನ ಸರ್ ಒಂದು ಕಿತಾಪತಿ ಮಾಡುತ್ತಿದ್ದರು. ಮಾತಾಡುತ್ತಲೇ, ಅಲೆಯನ್ನು ಪರದೆಯ ಮೇಲೆ ತೋರಿಸುವ ಸ್ಕೋಪ್, ಅಂದರೆ ಸಿಆರ್‌ಓದ ಸ್ವಿಚ್ಚನ್ನು ಡಿಸಿಯಿಂದ ಎಸಿಗೆ ತಳ್ಳಿಬಿಡುವುದು. ಎತ್ತಿ ಇಟ್ಟ ಅಲೆ ಮತ್ತೆ ನಡುಗೆರೆಗೆ ಇಳಿಯುತ್ತಿತ್ತು. ಮಳೆಗಾಲದ ತಂಪಿನಲ್ಲೂ ಹುಡುಗರು ಬೆವರಿ, ಡಯೋಡ್ ಕಿತ್ತು ಮತ್ತೆ ಚುಚ್ಚುತ್ತಿದ್ದರು. ಸರ್ಕ್ಯೂಟ್ ಸರಿಯೇ ಇತ್ತು. ಎಸಿಗೆ ಹಾಕಿದರೆ ಸ್ಕೋಪಿನೊಳಗಿನ ಕೆಪಾಸಿಟರ್ ಡಿಸಿಯನ್ನು, ಅಂದರೆ ಏರಿಳಿಯದ ವೋಲ್ಟೇಜನ್ನು, ತಡೆಯುತ್ತದೆ, ನಾವು ಕಷ್ಟಪಟ್ಟು ಸೇರಿಸಿದ್ದು ಅದನ್ನೇ ಅಲ್ವಾ! ನನ್ನ ಲೆಕ್ಕದಲ್ಲಿ ಆ ಸ್ವಿಚ್ ಪುಸ್ತಕದ ಒಂದು ಅಧ್ಯಾಯಕ್ಕಿಂತ ಜಾಸ್ತಿ ಕಲಿಸಿತು.

ಇದೆಲ್ಲ ಎಂತಕ್ಕೆ ಅಂತ ಕೇಳಿದವರಿಗೆ ಸರ್ ಹಳೆಯ ಟಿವಿಯ ಉದಾಹರಣೆ ಕೊಡುತ್ತಿದ್ದರು. ವಿಡಿಯೋ ಸಿಗ್ನಲ್ ಒಂದು ಹಂತದಿಂದ ಇನ್ನೊಂದಕ್ಕೆ ಸೇರಿಸುವ ಕಪ್ಲಿಂಗ್ ಕೆಪಾಸಿಟರ್ ದಾಟುವಾಗ ಅದರ ಡಿಸಿ ಹೋಗಿಬಿಡುತ್ತದೆ. ಕಪ್ಪು ಎಷ್ಟು ಕಪ್ಪು ಅಂತ ಸೆಟ್ಟಿಗೆ ಗೊತ್ತಾಗದೆ ರಾತ್ರಿಯ ದೃಶ್ಯ ಬೂದುಬೂದಾಗಿ ಕಾಣುತ್ತದೆ. ಆ ಮಟ್ಟವನ್ನು ವಾಪಸ್ ಕೂರಿಸುವುದು ಕ್ಲಾಂಪರ್. ಅಲ್ಲಿ ಅದಕ್ಕೆ ಡಿಸಿ ರಿಸ್ಟೋರರ್ ಅನ್ನುತ್ತಾರೆ.

ಮುಂದಿನ ಪ್ರಯೋಗಕ್ಕೆ ಅದೇ ಸರ್ಕ್ಯೂಟ್ ಬಿಚ್ಚಬೇಡಿ ಅಂದರು. ಅದರ ಔಟ್‌ಪುಟ್ಟಿಗೆ ಇನ್ನೊಂದು ಡಯೋಡ್, ಇನ್ನೊಂದು ಕೆಪಾಸಿಟರ್ ಸೇರಿಸಿದರೆ ಪೀಕಿನ ಸುಮಾರು ಎರಡರಷ್ಟು ಡಿಸಿ ಕೊಡುವ ವೋಲ್ಟೇಜ್ ಡಬ್ಲರ್. ಲೋಡ್ ಇಲ್ಲದಿದ್ದರೆ, 19.3ರಲ್ಲಿ ಎರಡನೇ ಡಯೋಡಿನ 0.7 ಕಳೆದು, ಲೆಕ್ಕಕ್ಕೆ 18.6 ವೋಲ್ಟ್ ಡಿಸಿ ಸಿಗುತ್ತದೆ.