ಹಡಗು ಬಂದ ದಿನ

ಕಳೆದ ಗುರುವಾರ, ಡಿಸೆಂಬರ್ 4ರ ಸಂಜೆ, ಹಾಸನದ ವಿದ್ಯಾನಗರದಲ್ಲಿರುವ ದೊಡ್ಡಮ್ಮನ ಮನೆಗೆ ಹೋಗಿದ್ದಾಗ ಅವರಾಡಿದ ಒಂದು ಮಾತು ನಾಲ್ಕು ದಿನಗಳಾದರೂ ನನ್ನನ್ನು ಬಿಟ್ಟಿಲ್ಲ. ಅಂದು ನೌಕಾಪಡೆಯ ದಿನ. 1971ರ ಇದೇ ದಿನಾಂಕದ ರಾತ್ರಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿ ಬಂದರಿನ ಮೇಲೆ ದಾಳಿ ಮಾಡಿದ್ದರ ನೆನಪಿಗೆ ಅದನ್ನು ಆಚರಿಸುತ್ತಾರೆಂಬುದು ಹಾಸನದಲ್ಲಿ ಎಷ್ಟು ಜನರಿಗೆ ಗೊತ್ತಿದೆಯೋ ಏನೋ, ನೌಕಾಪಡೆಯಲ್ಲಿದ್ದ ದೊಡ್ಡಪ್ಪ ಮಾತ್ರ ಪ್ರತಿವರ್ಷ ಆ ದಿನ ಕ್ಷೌರ ಮಾಡಿಕೊಂಡು, ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಟಿ.ವಿ. ಮುಂದೆ ಕೂರುತ್ತಾರೆ. ದೊಡ್ಡಮ್ಮ ನಡುಮನೆಯ ನೆಲದ ಮೇಲೆ ಕುಳಿತು ನೆನೆಹಾಕಿದ ಅವರೆಕಾಳನ್ನು ಹಿತುಕುತ್ತಿದ್ದರು. ಆಗ ಹಿಂದಿನ ಬೀದಿಯ ಹೆಂಗಸೊಬ್ಬರು ಮಗಳನ್ನು ಕರೆದುಕೊಂಡು ಬಂದರು.

ಮಗಳಿಗೆ ನೌಕಾಪಡೆಯಲ್ಲಿರುವ ಹುಡುಗನ ಸಂಬಂಧ ಬಂದಿತ್ತು. ತಾಯಿ ತಕ್ಕಡಿ ಹಿಡಿದುಕೊಂಡೇ ಬಂದವರಂತೆ ಸಂಬಳ, ಕ್ಯಾಂಟೀನು, ಕ್ವಾರ್ಟರ್ಸು, ಪಿಂಚಣಿ ಎಂದು ಒಂದೊಂದನ್ನೇ ತೂಗಿ ಕೇಳಿದರು. ಹುಡುಗಿ ಬಾಯಿ ಬಿಡಲಿಲ್ಲ. ಕೊನೆಗೆ ತಾಯಿಯೇ, "ಅಲ್ಲಕ್ಕ, ತಿಂಗಳುಗಟ್ಟಲೆ ಹಡಗಲ್ಲೇ ಇರ್ತಾರಂತಲ್ಲ. ಅವರು ಹೊರಟ ದಿನ ಮನಸ್ಸಿಗೆ ಬಹಳ ಕಷ್ಟ ಆಗ್ತದಾ?" ಎಂದರು. ದೊಡ್ಡಮ್ಮ ಕೈ ನಿಲ್ಲಿಸದೆ, "ಹಡಗು ಹೊರಟ ದಿನ ಏನೂ ಕಷ್ಟ ಇಲ್ಲ ಕಣಮ್ಮ. ಬಂದ ದಿನವೇ ಕಷ್ಟ" ಎಂದರು. ದೊಡ್ಡಪ್ಪ ರಿಮೋಟು ಒತ್ತಿ ಟಿ.ವಿ. ಸದ್ದನ್ನು ತಗ್ಗಿಸಿದರು, ನಮ್ಮ ಕಡೆಗೆ ತಿರುಗಲಿಲ್ಲ.

ನನಗೆ ಮೊದಲಿಗೆ ಆ ಮಾತು ಒರಟೆನಿಸಿತು. ಮದುವೆಯ ಹೊಸ್ತಿಲಲ್ಲಿರುವ ಹುಡುಗಿಯ ಮುಂದೆ, ಅದೂ ಗಂಡನ ಕಿವಿಗೆ ಬೀಳುವಂತೆ ಹೇಳಬೇಕಿತ್ತೇ ಎಂದುಕೊಂಡೆ. ಬೇಲೂರಿನ ಹತ್ತಿರದ ಹಳ್ಳಿಯಿಂದ, ಸಮುದ್ರವನ್ನೇ ಕಾಣದೆ, 1986ರಲ್ಲಿ ಮದುವೆಯಾಗಿ ಮುಂಬಯಿಗೆ ಹೋದ ದೊಡ್ಡಮ್ಮನ ಬಗ್ಗೆ ನಮ್ಮ ಕುಟುಂಬದಲ್ಲಿ ಯಾರೇ ಮಾತೆತ್ತಿದರೂ ಹಿಂದೆಯೇ ಒಂದು "ಪಾಪ" ಸೇರಿಕೊಳ್ಳುತ್ತಿತ್ತು. ಆ ಪಾಪವೆಲ್ಲ ಗಂಡ ಊರಿನಲ್ಲಿಲ್ಲದ ದಿನಗಳ ಲೆಕ್ಕಕ್ಕೆ ಹೋಗುತ್ತಿತ್ತೇ ಹೊರತು ಆತ ಮನೆಗೆ ಬಂದ ದಿನಗಳ ಲೆಕ್ಕವನ್ನು ಯಾರೂ ಕೇಳಿರಲಿಲ್ಲ.

ಹೊರಟ ದಿನಗಳ ಕೆಲಸ ದೊಡ್ಡಮ್ಮನಿಗೆ ಚೆನ್ನಾಗಿ ಒಗ್ಗಿತ್ತು. ಹಡಗು ಎಲ್ಲಿದೆಯೆಂದು ಹೆಂಡತಿಗೂ ತಿಳಿಸುವಂತಿಲ್ಲವಾದ್ದರಿಂದ ಪತ್ರಗಳಿಗೆ ಯಾವಾಗಲೂ ಒಂದೇ ವಿಳಾಸ: ದೊಡ್ಡಪ್ಪನ ಹೆಸರು, ಹಡಗಿನ ಹೆಸರು, ಫ್ಲೀಟ್ ಮೇಲ್ ಆಫೀಸ್. ಹತ್ತಾರು ಪತ್ರಗಳು ಯಾವುದೋ ಬಂದರಿನಲ್ಲಿ ಒಟ್ಟಿಗೆ ಕೈಸೇರುತ್ತಿದ್ದವು. ಮಗನಿಗೆ ಜ್ವರ ಬಿಟ್ಟಿತೆಂಬ ಪತ್ರವನ್ನು ಮೊದಲು ಓದಿ, ಜ್ವರ ಬಂದಿದೆಯೆಂಬುದನ್ನು ಆಮೇಲೆ ಓದಿ ದೊಡ್ಡಪ್ಪ ಒಮ್ಮೆ ಗಾಬರಿಯಾದ ಮೇಲೆ, ದೊಡ್ಡಮ್ಮ ಪ್ರತಿ ಇನ್‌ಲ್ಯಾಂಡ್ ಪತ್ರದ ಮೂಲೆಯಲ್ಲಿ ಸಂಖ್ಯೆ ಬರೆಯತೊಡಗಿದರು. ಆ ಕಟ್ಟು ಈಗಲೂ ಅವರ ಟ್ರಂಕಿನಲ್ಲಿದೆ. 17ರ ಪಕ್ಕದಲ್ಲಿ ಎಣ್ಣೆಯ ಬೆರಳಚ್ಚಿದೆ. 1999ರಲ್ಲಿ ಕಾರ್ಗಿಲ್ ಯುದ್ಧ ನಡೆಯುತ್ತಿದ್ದಾಗ ನೌಕಾಪಡೆ 'ಆಪರೇಷನ್ ತಲ್ವಾರ್' ಹೆಸರಿನಲ್ಲಿ ಹಡಗುಗಳನ್ನು ಉತ್ತರ ಅರಬ್ಬಿ ಸಮುದ್ರಕ್ಕೆ ತಂದು ನಿಲ್ಲಿಸಿತ್ತಲ್ಲ, ಆಗ ಕೊಲಾಬಾದ ನೇವಿ ನಗರದ ಅವರ ಕಟ್ಟಡದಲ್ಲಿ ಗಂಡಸರೇ ಇರಲಿಲ್ಲವಂತೆ. ಎದುರು ಮನೆಯ ಪಂಜಾಬಿ ಹೆಂಗಸಿಗೆ ನಡುರಾತ್ರಿ ಹೆರಿಗೆನೋವು ಬಂದಾಗ ಅಶ್ವಿನಿ ಆಸ್ಪತ್ರೆಗೆ ಕರೆದೊಯ್ದು, ಕಾಗದದಲ್ಲಿ 'ಸಂಬಂಧ' ಎಂದಿದ್ದ ಕಡೆ 'ಅಕ್ಕ' ಎಂದು ಬರೆಸಿ ಸಹಿ ಹಾಕಿದವರು ದೊಡ್ಡಮ್ಮ. ಆ ಅಭ್ಯಾಸ ಇಲ್ಲಿಯೂ ಬಿಟ್ಟಿಲ್ಲ. ನವೆಂಬರ್ ಬಂತೆಂದರೆ ಸುತ್ತಮುತ್ತಲಿನ ಮಾಜಿ ಸೈನಿಕರ ವಿಧವೆಯರು ಜೀವಂತ ಪ್ರಮಾಣಪತ್ರಕ್ಕೆ ಆಧಾರ್ ಕಾರ್ಡು, ಪಿಂಚಣಿ ಪುಸ್ತಕ ಹಿಡಿದು ಮೊದಲು ಬರುವುದು ಇವರ ಜಗುಲಿಗೇ.

ಇಷ್ಟೆಲ್ಲ ನಡೆಸಿದವರಿಗೆ ಗಂಡ ಬಂದ ದಿನ ಕಷ್ಟವೇಕೆಂದು ಆ ಸಂಜೆ ಕೇಳಿದವಳು ಹುಡುಗಿಯೇ. ದೊಡ್ಡಮ್ಮ ಉಪದೇಶವೇನೂ ಮಾಡದೆ ಒಂದು ಘಟನೆ ಹೇಳಿದರು. ನಾಲ್ಕೂವರೆ ತಿಂಗಳ ನಂತರ ಮನೆಗೆ ಬಂದ ದೊಡ್ಡಪ್ಪ ಮಗನಿಗೆ ಆಡಲು ಹೋಗೆಂದು ಅಪ್ಪಣೆ ಕೊಟ್ಟರಂತೆ. ಹುಡುಗ ಚಪ್ಪಲಿ ಮೆಟ್ಟಿಕೊಂಡವನು ಮತ್ತೆ ಅಡುಗೆಮನೆಯ ಬಾಗಿಲಿಗೆ ಬಂದು, "ಅಮ್ಮಾ, ಅಪ್ಪ ಹೋಗು ಅಂದ್ರು. ಹೋಗ್ಲಾ?" ಎಂದನಂತೆ. ಹಿಂದೆಯೇ ನಿಂತಿದ್ದ ದೊಡ್ಡಪ್ಪ ಏನೂ ಅನ್ನದೆ ಹೊರಗೆ ಹೋಗಿ ಸಂಜೆಯವರೆಗೂ ಬೂಟು ಪಾಲಿಶ್ ಮಾಡಿದರಂತೆ. ಮಾರನೆಯ ದಿನ ಅಕ್ಕಿಡಬ್ಬದ ಜಾಗ ಬದಲಾಯಿತು, ಹಾಲಿನವನ ಲೆಕ್ಕ ಬದಲಾಯಿತು, "ಯಾರನ್ನು ಕೇಳಿ ಮಾಡಿದೆ?" ಎಂಬ ಪ್ರಶ್ನೆ ಮನೆಯೊಳಗೆ ಬಂತು. ದೊಡ್ಡಪ್ಪ ಒಳ್ಳೆಯವರು, ಆದರೆ ಮನೆಯೂ ಒಂದು ಹಡಗೆಂದೂ ಅದಕ್ಕೆ ಒಬ್ಬನೇ ಕಪ್ತಾನನೆಂದೂ ಅವರು ಇಂದಿಗೂ ನಂಬಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ಬಂದವರು ಹೋದ ಮೇಲೆ ದೊಡ್ಡಪ್ಪ ಕುರ್ಚಿಯಿಂದೆದ್ದು, ಮೊಣಕಾಲು ಹಿಡಿದುಕೊಂಡು ನೆಲದ ಮೇಲೆ ಕುಳಿತರು. "ಬಂದಾಗಲೆಲ್ಲ ಅಷ್ಟು ಕಷ್ಟ ಆಗ್ತಿತ್ತಾ?" ಎಂದರು. "ಸಿಪ್ಪೆ ಆ ಕಡೆ ಹಾಕ್ರಿ, ಬೇಳೆಗೆ ಬೆರೆಸಬೇಡಿ" ಎಂದು ದೊಡ್ಡಮ್ಮ ತಟ್ಟೆಯನ್ನು ಇಬ್ಬರ ನಡುವೆ ಸರಿಸಿದರು. ದೊಡ್ಡಪ್ಪನ ಬೆರಳಿಗೆ ಕಾಳು ಸಿಕ್ಕದೆ ಜಾರಿ ಟಿ.ವಿ. ಮೇಜಿನ ಕೆಳಗೆ ಹೋಯಿತು.

ನನ್ನ ಗಂಡ ಏಳು ವರ್ಷಗಳಿಂದ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಶನಿವಾರ ರಾತ್ರಿ ಬರುತ್ತಾರೆ, ಸೋಮವಾರ ನಸುಕಿಗೆ ಹೋಗುತ್ತಾರೆ. ಹಾಸನದಲ್ಲಿ ಇಂಥ ಮನೆಗಳು ಬೀದಿಗೆ ಎರಡು ಮೂರಾದರೂ ಸಿಗುತ್ತವೆ. ಅವಕ್ಕೆ ಸಮವಸ್ತ್ರವಿಲ್ಲ, ದಿನಾಚರಣೆಯಿಲ್ಲ, ಆದರೆ ಮಕ್ಕಳ ಫೀಸು, ಅತ್ತೆಯ ಮಾತ್ರೆ, ತೋಟದ ಮೋಟಾರು ಎಲ್ಲವೂ ಐದೂವರೆ ದಿನ ಒಂದೇ ಕೈಯಲ್ಲಿರುತ್ತವೆ. ಶನಿವಾರ ಬೆಳಗಿನಿಂದಲೇ ನನಗೆ ತಲೆನೋವು ಬರುವುದನ್ನು ವಾರದ ದಣಿವೆಂದು ನಾನು ತಿಳಿದಿದ್ದೆ. ಅದು ದಣಿವಲ್ಲವೆಂದು ಹೇಳುವ ಧೈರ್ಯ ಬಂದಿದ್ದರೆ, ಅವರ ಮೇಲೆ ಪ್ರೀತಿಯಿಲ್ಲವೆಂದು ಯಾರಾದರೂ ಅರ್ಥ ಮಾಡಿಕೊಳ್ಳುತ್ತಿದ್ದರು. ಬಹುಶಃ ಮೊದಲು ನಾನೇ.

ಮೊನ್ನೆ ಶನಿವಾರ ಬಸ್ಸು ಚನ್ನರಾಯಪಟ್ಟಣ ದಾಟಿತೆಂದು ಅವರ ಫೋನು ಬಂದಾಗ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಅವರು ಕೂರುವ ಕುರ್ಚಿಯ ಮೇಲೆ ವಾರವಿಡೀ ನನ್ನ ಶಾಲೆಯ ಉತ್ತರಪತ್ರಿಕೆಗಳ ಕಟ್ಟು ಇತ್ತು. ಪ್ರತಿವಾರ ಆ ಫೋನು ಬಂದೊಡನೆ ಎತ್ತಿಡುತ್ತಿದ್ದೆ. ಅಂದು ಒಲೆ ಆರಿಸಿ ಬಂದು, ಪಕ್ಕದ ಸ್ಟೂಲಿನ ಮೇಲೆ ಕುಳಿತು, ಗೇಟಿನ ಸದ್ದಾಗುವವರೆಗೂ ಆ ಕಟ್ಟನ್ನೇ ನೋಡುತ್ತಿದ್ದೆ.